ಜಿರಲೆಯ ಕಾಲು, ನನ್ನ ಬೆರಳು

ಅಜ್ಜಂಪುರ
೧೪-೫-೧೯೮೫

ಚಿ. ಸೌ. ಶಂಕರಮ್ಮನಿಗೆ ನಿನ್ನ ಯಜಮಾನ ಮಲ್ಲಿಕಾರ್ಜುನಪ್ಪ ಮನಸಾರೆ ಮಾಡುವ ಆಶೀರ್ವಾದ.

ಯಗಟಿಯಲ್ಲಿ ಬಾಣಂತಿ ಹಾಲಮ್ಮ, ಕೂಸು ಇಬ್ಬರೂ ಚೆನ್ನಾಗಿದ್ದಾರಷ್ಟೆ? ನಿನ್ನ ಸೊಂಟದ ನೋವು ಹೇಗಿದೆ? ಮಗಳಿಗೆ ನೀರು ಹಾಕುವ ಭರದಲ್ಲಿ ತುಂಬಿದ ಕೊಡ ನೀನೇ ಎತ್ತಬೇಡ. ಇಲ್ಲಿ ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಎಂದುಕೊಂಡು ಮುಂದೆ ಓದು. ಅಳಿಯಂದಿರು ಎದುರಿಗಿದ್ದರೆ ಈಗ ಮಡಿಸಿಟ್ಟು ಆಮೇಲೆ ಓದು.

ವಿಷಯ ನಮ್ಮ ಕಿರಿಯವಳು ಸರ್ವಮಂಗಳೆಯದು. ಮೈಸೂರಿನ ಕಾಲೇಜಿನಿಂದ ರಜಕ್ಕೆ ಬಂದವಳು ಹಿಂದಿನ ಕೋಣೆಯಲ್ಲಿದ್ದ ನನ್ನ ಬಟ್ಟೆ ಚೂರುಗಳ ಮೂಟೆಯನ್ನು ಹೊರಗೆ ಹಾಕಿ, ಅಲ್ಲೊಂದು ಪೆಟ್ಟಿಗೆ, ತಂತಿಗಳು, ನಮ್ಮ ಕೆಟ್ಟ ರೇಡಿಯೋದ ಸ್ಪೀಕರ್ ಎಲ್ಲ ಜೋಡಿಸಿಕೊಂಡಳು. ಬಚ್ಚಲಿನ ಜಿರಲೆಗಳನ್ನು ಸೀಸೆಯಲ್ಲಿ ಹಿಡಿಯುತ್ತಾಳೆ. ಸೋಡಾ ಅಂಗಡಿಯಿಂದ ಐಸ್ ತರುತ್ತಾಳೆ. ಬಾಗಿಲು ಹಾಕಿಕೊಂಡರೆ ಒಳಗಿನಿಂದ ಟಪ್ ಟಪ್ ಸದ್ದು. ಪಕ್ಕದ ಮನೆಯ ಹನುಮಂತಮ್ಮ ಮಗನ ಜುಬ್ಬಕ್ಕೆ ಅಳತೆ ಕೊಡಿಸುವ ನೆವದಲ್ಲಿ ಬಂದು, "ಏನಪ್ಪಾ, ನಿನ್ ಮಗ್ಳು ಮೈಸೂರ್ನಾಗೆ ಮಾಟ ಗೀಟ ಕಲ್ತ್ಕಂಡ್ ಬಂದವ್ಳಾ?" ಎಂದಳು. ಅವಳಿಗೆ ಬೈದು ಕಳಿಸಿದೆ. ಆದರೆ ನನ್ನ ಅನುಮಾನ ಬೇರೆಯೇ ಇತ್ತು. ನಾನು ಹೊಲಿಗೆಗೆ ಕೂತಾಗ ಮಂಗಳ ಅಂಗಡಿಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ತಲೆ ಎತ್ತಿದರೆ ಮುಖ ಆ ಕಡೆ. ಎರಡು ಸಲ ತಾನೇ ಅಂಚೆ ಕಚೇರಿಗೆ ಹೋದಳು. ವಿಳಾಸದ ಮೇಲೆ ಅಂಗೈ ಮುಚ್ಚಿಕೊಂಡಿದ್ದಳು, ನನಗೆ ಕಂಡದ್ದು ಶಿವಮೊಗ್ಗ ಎಂಬುದೊಂದೇ. ಶಿವಮೊಗ್ಗದಲ್ಲಿ ಇವಳಿಗೆ ಯಾರಿದ್ದಾರೆ? ಜೊತೆಯಲ್ಲಿ ಓದುವ ಹುಡುಗನೇ ಇರಬೇಕು ಎಂದುಕೊಂಡೆ.

"ಹೆಣ್ಮಕ್ಳ ಮೇಲೆ ಅಷ್ಟು ಅನುಮಾನ ಆಗ್ಬಾರ್ದು ಕಣ್ರೀ" ಎಂದು ನೀನು ಹೇಳುವುದುಂಟು. ಆದರೂ ಅವಳು ಸ್ನಾನಕ್ಕೆ ಹೋದಾಗ ಅವಳ ಚೀಲ ತಡಕಿದೆ. ನಾಚಿಕೆಗೆಟ್ಟು ಬರೆಯುತ್ತಿದ್ದೇನೆ. ಸಿಕ್ಕಿದ್ದು ಒಂದು ನೋಟ್‌ಬುಕ್. ಜಿರಲೆಯ ಕಾಲಿನ ಚಿತ್ರಗಳ ನಡುವೆ ಒಂದು ಹಾಳೆಯಲ್ಲಿ ತಾರೀಖುಗಳು. "ಏಪ್ರಿಲ್ ೨೯, ಇಸ್ತ್ರಿ ಪೆಟ್ಟಿಗೆ ತಗುಲಿ ಬೊಬ್ಬೆ ಬಂತು, ಗೊತ್ತಾಗಲಿಲ್ಲ. ಮೇ ೩, ಸೂಜಿ ಚುಚ್ಚಿ ರಕ್ತ ಬಂತು, ಗೊತ್ತಾಗಲಿಲ್ಲ." ಹೆಸರಿಲ್ಲ. ಆದರೆ ಬೊಬ್ಬೆ ನನ್ನದು. ಜಿರಲೆಯ ಮೇಲೆ ಮಾಡಿದಂತೆ ಹೆತ್ತ ಅಪ್ಪನ ಮೇಲೂ ಪ್ರಯೋಗ ನಡೆಸಿದ್ದಾಳೆ ಎಂದು ಮೈ ಉರಿದುಹೋಯಿತು. ಅವಳು ಬಂದೊಡನೆ ಕೂಗಾಡಿದೆ. "ಕಂಡಿದ್ನ ಬಾಯಿಬಿಟ್ಟು ಯಾಕ್ ಹೇಳ್ಲಿಲ್ಲ?" ಎಂದರೆ, "ಹೇಳಿದ್ರೆ ನೀನು ನಂಬ್ತಿದ್ಯಾ ಅಪ್ಪಾ?" ಎಂದು ಕೋಣೆಗೆ ಕರೆದಳು.

ಬೆಂಡಿನ ಮೇಲೆ, ಐಸಿನಲ್ಲಿಟ್ಟು ಜೋಮು ಹಿಡಿಸಿದ ಜಿರಲೆಯಿಂದ ಕತ್ತರಿಸಿದ ಒಂದು ಕಾಲು, ಅದಕ್ಕೆ ಎರಡು ಗುಂಡುಸೂಜಿ, ಸೂಜಿಗಳಿಂದ ಪೆಟ್ಟಿಗೆಗೆ ತಂತಿ. ಕಾಲಿನ ಮುಳ್ಳೊಂದನ್ನು ಪೊರಕೆ ಕಡ್ಡಿಯಿಂದ ಮೆಲ್ಲಗೆ ಬಾಗಿಸಿದಳು. ಸ್ಪೀಕರ್ ಟಪಟಪ ಎಂದಿತು. ಮೈಯಿಂದ ಬೇರೆಯಾದ ಕಾಲು! ಮೋಸವಿರಬೇಕೆಂದು ಮೇಜಿನ ಕೆಳಗೆ ಬಗ್ಗಿ, ಅವಳು ಕಾಲಲ್ಲಿ ಯಾವುದಾದರೂ ಸ್ವಿಚ್ ಒತ್ತುತ್ತಿದ್ದಾಳೆಯೇ ಎಂದು ನೋಡಿದೆ. ಇಲ್ಲ. ಕಡ್ಡಿ ಕಿತ್ತುಕೊಂಡು ನಾನೇ ಮುಟ್ಟಿದೆ. ಆಗಲೂ ಸದ್ದಾಯಿತು. ಜೋರಾಗಿ ಬಾಗಿಸಿದರೆ ಸದ್ದು ಹೆಚ್ಚು. ಒತ್ತಿಯೇ ಹಿಡಿದರೆ ಬರುಬರುತ್ತಾ ನಿಲ್ಲುತ್ತಿತ್ತು.

"ಮುಳ್ಳಿನ ಬುಡದಾಗೆ ನರದ ಒಂದು ಜೀವಕೋಶ ಐತೆ ಅಪ್ಪಾ. ಮುಳ್ಳು ಬಾಗಿದ್ರೆ ಅದರ ಪೊರೆ ಜಗ್ಗುತ್ತೆ. ಜಗ್ಗಿದ್ರೆ ಸಣ್ಣ ಸಣ್ಣ ಬಾಗಿಲು ತೆರ್ಕೊಂಡು ಉಪ್ಪಿನ ಕಣ ಒಳಗೆ ನುಗ್ತವೆ. ಅಲ್ಲೇ ಕರೆಂಟ್ ಹುಟ್ಟಿ ನರದಾಗೆ ಓಡುತ್ತೆ. ನಾವು ಕೇಳ್ತಿರೋದು ಅದನ್ನೇ."

"ಮನುಷ್ಯರಿಗೂ ಹಿಂಗೇನಾ?"

"ಹೆಚ್ಚುಕಮ್ಮಿ ಹಿಂಗೇ. ಕಣ್ಮುಚ್ಕೊ, ಬಲಗೈ ಕೊಡು. ಮುಟ್ದಾಗೆಲ್ಲ ಹೂಂ ಅನ್ನು."

ಮೂರು ಸಲ ಹೂಂ ಅಂದೆ. ಹನ್ನೊಂದು ಸಲ ಮುಟ್ಟಿದೆ ಎಂದಳು. ಸುಳ್ಳು ಹೇಳಬೇಡ ಎಂದು ಗದರಿದೆ. "ಹಂಗಾರೆ ಕಣ್ಬಿಟ್ಕೊಂಡು ನೋಡು" ಎಂದು ನನ್ನ ಕಿರುಬೆರಳಿಗೆ ಕಡ್ಡಿ ಊರಿದಳು. ಕಡ್ಡಿ ಬಾಗಿದ್ದು ಕಂಡಿತು, ಶಂಕರೀ. ಬೆರಳಿಗೆ ಏನೂ ತಿಳಿಯಲಿಲ್ಲ. ಅವಳು ತಲೆ ಎತ್ತದೆ ತಂತಿಗಳನ್ನು ಬಿಚ್ಚತೊಡಗಿದಳು. ಅಳುತ್ತಿದ್ದಳು.

ಬೀಗರಿಗೆ ನಮಸ್ಕಾರ, ಹಾಲಮ್ಮನಿಗೂ ಕೂಸಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನವನೇ ಆದ
ಮಲ್ಲಿಕಾರ್ಜುನಪ್ಪ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಅವಳು ಕಾಗದ ಹಾಕಿದ್ದು ಶಿವಮೊಗ್ಗದ ಚರ್ಮದ ಡಾಕ್ಟರಿಗೆ. ನಿನ್ನೆ ಹೋಗಿದ್ದೆವು. ಕುಷ್ಠ ಅಂದರು. ಈಗ ಒಳ್ಳೆಯ ಮಾತ್ರೆಗಳಿವೆಯಂತೆ, ವಾಸಿಯಾಗುತ್ತದಂತೆ, ನಿನ್ನೆಯಿಂದಲೇ ಶುರುಮಾಡಿದ್ದಾರೆ. ಇನ್ನು ಹರಡುವ ಭಯವಿಲ್ಲ, ಮೊಮ್ಮಗುವನ್ನೂ ಎತ್ತಿಕೊಳ್ಳಬಹುದು ಅಂದರು. ನಿನ್ನನ್ನೂ ಒಮ್ಮೆ ಪರೀಕ್ಷೆ ಮಾಡಬೇಕಂತೆ. ನನ್ನ ಸಮಾಧಾನಕ್ಕೆ ಹೇಳಿದರೋ ಏನೋ, ಡಾಕ್ಟರ ಮಾತನ್ನು ನಾನು ಪೂರ್ತಿ ನಂಬಿಲ್ಲ. ಮುಂದಿನ ವಾರ ನಾಮಕರಣಕ್ಕೆ ಬರಲೋ ಬೇಡವೋ, ಯಾರ ಕೈಲೂ ಬರೆಸದೆ ನೀನೇ ಬರೆ. ಬೇಡ ಎಂದರೂ ಸರಿ, ನಿನ್ನ ಮಾತನ್ನು ನಂಬುತ್ತೇನೆ.