ತಲೆಯಡಿಗೆ ಜಾಕೆಟ್ ಇಟ್ಟವರಿಗೆ ಬಾಯಿ ಬಿಡಲು ಅಪ್ಪಣೆ ಕೊಡಿ

ನಮ್ಮ ಊರಾಚೆಯ ಅಮೆರಿಕನ್ ಸೇನಾ ನೆಲೆಯ ಮುಖ್ಯಾಧಿಕಾರಿಗಳಿಗೆ

ಹೌದೆಂದೂ ಅಲ್ಲವೆಂದೂ ಹೇಳದ ಮಾನ್ಯರೇ,

ನಿಮ್ಮ ಬೇಲಿಯೊಳಗೆ ಅಣುಬಾಂಬು ಇದೆಯೇ ಎಂದು ಯಾರು ಕೇಳಿದರೂ ನೀವು ಕೊಡುವ ಉತ್ತರ ಒಂದೇ: ‘ಇದನ್ನು ನಾವು ದೃಢೀಕರಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ.’ ಇದು ನಿಮ್ಮ ಸರ್ಕಾರ ದಶಕಗಳಿಂದ ಪಾಲಿಸಿಕೊಂಡು ಬಂದಿರುವ ನೀತಿಯಂತೆ. ಪಾಲಿಸಿಕೊಳ್ಳಿ. ಆದರೆ ಅದೇ ಉತ್ತರವನ್ನು ನೀವು ನನ್ನ ಗಂಡನ ಸಾವಿನ ವಿಷಯಕ್ಕೂ ಕೊಟ್ಟಿದ್ದೀರಿ. ಒಂದು ಬಾಂಬಿಗೂ ಒಬ್ಬ ದರ್ಜಿಗೂ ಒಂದೇ ವಾಕ್ಯ ಸಾಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ತಕರಾರು ಅದು.

ನಾನು ಯಾರೆಂದು ನಿಮಗೆ ತಿಳಿದಿರಲಾರದು, ಆದರೆ ನನ್ನ ಹೊಲಿಗೆ ನಿಮ್ಮ ಮೈಮೇಲೆ ಇರಬಹುದು. ನೆಲೆಗೆ ಹೋಗುವ ರಸ್ತೆಯಲ್ಲಿ, ಬೇಕರಿಗೆ ಅಂಟಿಕೊಂಡಿರುವ ಹೊಲಿಗೆ ಅಂಗಡಿ ನಮ್ಮದು. ನಿಮ್ಮವರ ಪ್ಯಾಂಟು ಗಿಡ್ಡ ಮಾಡುವುದು, ಊಟ ಹೆಚ್ಚಾದವರ ಸೊಂಟ ಬಿಚ್ಚಿ ಸಡಿಲಿಸುವುದು, ಬಿದ್ದ ಗುಂಡಿ ಹಚ್ಚುವುದು, ಎದೆಯ ಮೇಲೆ ಹೆಸರಿನ ಪಟ್ಟಿ ಹೊಲಿಯುವುದು ನಮ್ಮ ಕೆಲಸ. ನಮ್ಮ ಮನೆಯವರು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಅಳತೆ ತೆಗೆಯುವಾಗ ಮಾತ್ರ ಅದಲು ಬದಲು: ನಾನು ಟೇಪು ಹಿಡಿದು ಕೂಗುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಮದುವೆಯಾದಾಗಿನಿಂದ ನಾನು ಹೇಳಿದ್ದನ್ನು ಅವರು ತುಟಿ ಪಿಟಕ್ಕೆನ್ನದೆ ಒಪ್ಪಿಕೊಳ್ಳುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ನಮ್ಮ ಬೀದಿಯ ಒಂದು ಪದ್ಧತಿ ನಿಮಗೆ ಚೆನ್ನಾಗಿ ಗೊತ್ತು, ಏಕೆಂದರೆ ಅದು ಹುಟ್ಟಿದ್ದು ನಿಮಗಾಗಿ. ನೆಲೆಗೆ ಮುಚ್ಚಿದ ಲಾರಿಗಳ ಸಾಲು ಬರುವ ದಿನ ಮೊದಲು ಪೊಲೀಸರ ಸೀಟಿ ಕೇಳಿಸುತ್ತದೆ. ಸೀಟಿ ಬಿದ್ದ ಕೂಡಲೇ ಎಲ್ಲರೂ ಶಟರ್ ಎಳೆದು ಒಳಗೆ ಕೂರಬೇಕು. ಲಾರಿಗಳು ಹೋಗುತ್ತವೆ, ಇನ್ನೊಂದು ಸೀಟಿ ಬೀಳುತ್ತದೆ, ಶಟರ್ ಎತ್ತುತ್ತೇವೆ. ಅದನ್ನು ಹೀಗೇ ಮಾಡಬೇಕೆಂದು ಬರೆದ ಕಾನೂನು ಎಲ್ಲೂ ಇಲ್ಲ ಎಂದು ನಮ್ಮ ವಕೀಲರು ಆಮೇಲೆ ಹುಡುಕಿ ಹೇಳಿದರು. ಮೊದಲು ಯಾರೋ ಹೆದರಿ ಎಳೆದರು, ಉಳಿದವರು ಅವರನ್ನು ನೋಡಿ ಎಳೆದರು, ಆಮೇಲೆ ಅದು ಬಾಗಿಲು ತೆಗೆದು ಕಸ ಗುಡಿಸಿದಷ್ಟೇ ಸಹಜವಾಗಿಹೋಯಿತು. ಒಂದು ಬೀದಿಗೆ ಬೀದಿಯೇ ಕಣ್ಣು ಮುಚ್ಚಿಕೊಳ್ಳುವುದನ್ನು ಕಲಿಯಲು ಸುತ್ತೋಲೆಯೇನೂ ಬೇಕಾಗಲಿಲ್ಲ.

ಬೇಕರಿಯ ಅಜ್ಜಿಗೆ ಬೆನ್ನು ಬಾಗಿದೆ. ಅವರ ಶಟರ್ ಹಳೆಯದು, ಅರ್ಧಕ್ಕೆ ಬಂದು ಹಟ ಹಿಡಿಯುತ್ತದೆ. ಆದ್ದರಿಂದ ಸೀಟಿ ಬಿದ್ದಾಗ ನಮ್ಮ ಮನೆಯವರು ಕೊಕ್ಕೆಯ ಕೋಲು ಹಿಡಿದು ಹೋಗಿ, ರಸ್ತೆಯಂಚಿನಲ್ಲಿ ನಿಂತು ಹಟ ಬಿಡುವವರೆಗೆ ಅದನ್ನು ಜಗ್ಗಿ, ಆಮೇಲೆ ಒಳಗೆ ನುಗ್ಗಿ ಪೂರ್ತಿ ಎಳೆದು, ಹಿಂದಿನ ಬಾಗಿಲಿನಿಂದ ಅಂಗಳ ದಾಟಿ ನಮ್ಮ ಅಂಗಡಿಗೆ ಬರುತ್ತಿದ್ದರು. ಬರುವಾಗ ಕೈಯಲ್ಲಿ ಬನ್ನು ಇರುತ್ತಿತ್ತು. ಅಣುಯುದ್ಧದ ಸಿದ್ಧತೆಯಿಂದ ನಮ್ಮ ಕುಟುಂಬಕ್ಕೆ ಆದ ಲಾಭ ಅಷ್ಟೇ.

ಆ ದಿನವೂ ಹಾಗೇ ಹೊರಟರು. ‘ನಮ್ಮದನ್ನ ನೀನೇ ಎಳ್ಕೊಳೇ, ನಾನು ಅಜ್ಜೀದು ನೋಡ್ತೀನಿ’ ಅಂದರು. ನಾನು ಎಳೆದುಕೊಂಡೆ. ಪಕ್ಕದ ಶಟರ್ ಕಿರುಗುಟ್ಟಿ ನಿಂತದ್ದು ಕೇಳಿಸಿತು. ಲಾರಿಗಳು ಎಂದಿಗಿಂತ ಬೇಗ ಬಂದವು. ಬ್ರೇಕಿನ ಸದ್ದು. ಧಡ್ ಎಂದು ಇನ್ನೊಂದು ಸದ್ದು. ಶಟರ್ ಕೊನೆಗೂ ಬಿತ್ತು ಅಂದುಕೊಂಡೆ. ಆಮೇಲೆ ವಾಹನದ ಬಾಗಿಲು ತೆಗೆದದ್ದು, ಬೂಟಿನ ಹೆಜ್ಜೆ, ಯಾರದೋ ತಗ್ಗಿದ ದನಿ. ಆಮೇಲೆ ನಮ್ಮ ಮನೆಯವರ ದನಿ. ಇಂಜಿನ್ ಓಡುತ್ತಲೇ ಇದ್ದುದರಿಂದ ಮಾತು ತಿಳಿಯಲಿಲ್ಲ, ದನಿ ಮಾತ್ರ ತಿಳಿಯಿತು. ಶಟರ್ ವಿಷಯಕ್ಕೆ ಪೊಲೀಸರ ಹತ್ತಿರ ಏನೋ ವಾದ ಮಾಡುತ್ತಿದ್ದಾರೆ, ಬಂದ ಮೇಲೆ ಕೇಳೋಣ ಅಂದುಕೊಂಡು ಕೈಲಿದ್ದ ಕಾಲರಿಗೆ ಹೊಲಿಗೆ ಹಾಕುತ್ತಾ ಕೂತೆ. ಬಾಗಿಲು ಹಾಕಿಕೊಂಡ ಸದ್ದಾಯಿತು, ಲಾರಿಗಳು ಹೋದವು, ಸೀಟಿ ಬಿತ್ತು, ಶಟರ್ ಎತ್ತಿದೆ.

ಅವರು ರಸ್ತೆಯ ಅಂಚಿನಲ್ಲಿ ಮಲಗಿದ್ದರು. ಕೊಕ್ಕೆಯ ಕೋಲು ದೂರ ಬಿದ್ದಿತ್ತು. ತಲೆಯ ಕೆಳಗೆ ಸೈನಿಕರು ತೊಡುವ ಒಂದು ಜಾಕೆಟ್, ದಿಂಬಿನಂತೆ ನೀಟಾಗಿ ಮಡಿಸಿ ಇಟ್ಟಿತ್ತು. ಉಸಿರು ಹೋಗಿತ್ತು.

ಮಾನ್ಯರೇ, ಆ ಜಾಕೆಟ್ಟನ್ನು ಕಂಡವಳು ನಾನೊಬ್ಬಳೇ ಎಂದು ಆಮೇಲೆ ತಿಳಿಯಿತು. ದೇಹದ ಜೊತೆ ಪೊಲೀಸರು ಅದನ್ನೂ ಒಯ್ದಿದ್ದರು, ಆದರೆ ಪಂಚನಾಮೆಯಲ್ಲಿ ಅದು ಇಲ್ಲ. ಠಾಣೆಗೆ ಹೋಗಿ ಕೇಳಿದಾಗ ಅಧಿಕಾರಿ ತಲೆಯೆತ್ತದೆ ‘ಯಾವ ಜಾಕೆಟ್ಟಮ್ಮ? ಗಾಬ್ರೀಲಿ ಏನೋ ಕಂಡಿರ್ಬೇಕು ನಿಮಗೆ’ ಅಂದರು. ಲಾರಿ ಡಿಕ್ಕಿ ಹೊಡೆದದ್ದನ್ನು ಕಂಡಿರಾ ಎಂದು ಬೀದಿಯವರನ್ನು ಕೇಳಿದೆ. ‘ನಾವು ನೋಡ್ಲಿಲ್ಲ ಕಣಮ್ಮ’ ಅಂದರು. ಅವರನ್ನು ಸುಳ್ಳುಗಾರರೆನ್ನಲಾರೆ. ಅಜ್ಜಿಯದು ಅರ್ಧಕ್ಕೆ ನಿಂತಿತ್ತು, ಅವರು ಹಿಂದಿನ ಒಲೆಯ ಕೋಣೆಯಲ್ಲಿದ್ದರು; ಉಳಿದ ಎಲ್ಲರ ಶಟರ್ರೂ ಕೆಳಗಿತ್ತು. ನನ್ನದೂ.

ನಿಮ್ಮ ಕಡೆಯಿಂದ ಸಾರ್ವಜನಿಕ ಸಂಪರ್ಕದ ಅಧಿಕಾರಿಯೊಬ್ಬರು ಹೂಗುಚ್ಛ ಹಿಡಿದು ಬಂದರು. ಬಹಳ ಸೌಜನ್ಯದವರು, ಕೂರಿ ಎಂದರೂ ಕೂರಲಿಲ್ಲ. ‘ನಿಮಗಾದ ನಷ್ಟಕ್ಕೆ ನಮ್ಮ ಸಂತಾಪವಿದೆ. ಆ ದಿನ ಆ ರಸ್ತೆಯಲ್ಲಿ ನಮ್ಮ ಯಾವುದೇ ವಾಹನ ಹೋಗಿದ್ದನ್ನು ದೃಢೀಕರಿಸಲೂ ಆಗದು, ನಿರಾಕರಿಸಲೂ ಆಗದು’ ಎಂದರು. ಹಾಗಾದರೆ ಸಂತಾಪ ಯಾವುದಕ್ಕೆ ಎಂದು ಕೇಳಿದೆ. ಅವರು ಹೂವನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಹೋದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವುದನ್ನು ನಿಮ್ಮಲ್ಲಿ ತರಬೇತಿ ಕೊಟ್ಟು ಕಲಿಸುತ್ತಾರೇನೋ. ಒಂದು ಮಾತು ಸ್ಪಷ್ಟ ಮಾಡುತ್ತೇನೆ: ಲಾರಿ ನಿಮ್ಮದೇ ಎಂದು ನಾನು ಆರೋಪಿಸುತ್ತಿಲ್ಲ. ನಮ್ಮ ಸೇನೆಯದೇ ಇರಬಹುದು. ನಿಮ್ಮದೋ ಎಂದು ಕೇಳುತ್ತಿದ್ದೇನೆ, ಅಷ್ಟೇ. ಕೇಳುವುದಕ್ಕೂ ಆರೋಪಕ್ಕೂ ವ್ಯತ್ಯಾಸವಿದೆಯಲ್ಲವೇ?

ಕೋರ್ಟಿಗೂ ಹೋದೆ. ನಿಮ್ಮ ಸರ್ಕಾರಕ್ಕೂ ನಮ್ಮ ಸರ್ಕಾರಕ್ಕೂ ಒಪ್ಪಂದವಿದೆಯಂತೆ, ಕರ್ತವ್ಯದ ಮೇಲಿದ್ದಾಗ ನಿಮ್ಮವರಿಂದ ಏನೇ ಆದರೂ ವಿಚಾರಣೆ ನಿಮ್ಮದೇ. ನೀವೋ, ವಾಹನವೇ ಹೋಯಿತೆಂದು ಹೇಳಲಾಗದು ಎನ್ನುತ್ತೀರಿ. ಹೋಗದ ಲಾರಿಗೆ ಚಾಲಕನನ್ನು ಎಲ್ಲಿಂದ ತರುವುದು? ಅಂತಾರಾಷ್ಟ್ರೀಯ ನ್ಯಾಯಾಲಯ ಅಂತ ಒಂದಿದೆಯಲ್ಲ ಎಂದು ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, ‘ಅಮ್ಮ, ಅದು ದೇಶ ದೇಶಗಳ ಜಗಳಕ್ಕೆ. ಅಲ್ಲೂ ಇವ್ರು ಮನಸ್ಸಿದ್ರೆ ಬರ್ತಾರೆ, ಇಲ್ದಿದ್ರೆ ಇಲ್ಲ’ ಅಂದರು. ಬಹಳ ವರ್ಷಗಳ ಹಿಂದೆ ಒಂದು ಪುಟ್ಟ ದೇಶ ನಿಮ್ಮನ್ನು ಅಲ್ಲಿಗೆ ಎಳೆಯಿತಂತೆ. ದೂರು ಕೇಳುತ್ತೇವೆ ಎಂದು ನ್ಯಾಯಾಧೀಶರು ಒಪ್ಪಿದ್ದೇ ತಡ, ನೀವು ಎದ್ದು ಹೊರಟಿರಂತೆ. ಯುದ್ಧಾಪರಾಧಿಗಳನ್ನು ವಿಚಾರಿಸುವ ಇನ್ನೊಂದು ಕೋರ್ಟಿಗೆ ನೀವು ಸೇರಲೇ ಇಲ್ಲ. ನಿಮ್ಮವರನ್ನು ಅಲ್ಲಿ ಹಿಡಿದಿಟ್ಟರೆ ಏನು ಬೇಕಾದರೂ ಮಾಡಿ ಬಿಡಿಸಿಕೊಂಡು ಬರಲು ಕಾನೂನನ್ನೇ ಮಾಡಿಕೊಂಡಿದ್ದೀರಿ. ಅದೇ ಕೋರ್ಟು ನಿಮಗಾಗದವರ ಮೇಲೆ ವಾರಂಟು ಹೊರಡಿಸಿದಾಗ ಸರಿಯಾಯಿತು ಎಂದಿರಿ, ನಿಮ್ಮ ಸ್ನೇಹಿತರ ಬಾಗಿಲಿಗೆ ಬಂದಾಗ ನ್ಯಾಯಾಧೀಶರಿಗೇ ನಿರ್ಬಂಧ ಹಾಕಿದಿರಿ. ನಮ್ಮ ಅಂಗಡಿಯಲ್ಲಿ ಗಿರಾಕಿಯನ್ನು ನೋಡಿ ಟೇಪು ಬದಲಿಸಿದ್ದರೆ ನಾವು ಎಂದೋ ಬಾಗಿಲು ಹಾಕಬೇಕಾಗುತ್ತಿತ್ತು.

ಅಣ್ವಸ್ತ್ರ ನ್ಯಾಯವೋ ಅನ್ಯಾಯವೋ ಎಂದು ಆ ದೊಡ್ಡ ನ್ಯಾಯಾಲಯವನ್ನು ಒಮ್ಮೆ ಕೇಳಿದ್ದರಂತೆ. ಬಳಸುವುದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ, ಆದರೆ ಒಂದು ದೇಶದ ಉಳಿವೇ ಅಪಾಯಕ್ಕೆ ಸಿಕ್ಕಾಗ ಸರಿಯೋ ತಪ್ಪೋ ಖಚಿತವಾಗಿ ಹೇಳಲಾಗದು ಎಂದು ಅವರೆಂದರಂತೆ. ಇದನ್ನು ಕೇಳಿ ನನಗೆ ಗಂಡ ಹೋದ ಮೇಲೆ ಮೊದಲ ಸಲ ನಗು ಬಂತು. ನಿಮ್ಮ ಕಾಯಿಲೆ ನ್ಯಾಯಪೀಠಕ್ಕೂ ಹತ್ತಿತೇ? ವಕೀಲರು ನನ್ನನ್ನು ವಿಚಿತ್ರವಾಗಿ ನೋಡಿದರು. ಒಬ್ಬಳೇ ನಗುವುದು ಈಗ ಅಭ್ಯಾಸವಾಗುತ್ತಿದೆ.

ನನ್ನ ತಮ್ಮ ನಿಮ್ಮ ನೆಲೆಯ ಅಡುಗೆಮನೆಗೆ ತರಕಾರಿ ಹಾಕುತ್ತಾನೆ. ಅವನು ನಿಮ್ಮ ಪರ. ‘ಅಕ್ಕಾ, ಇವ್ರಿಲ್ದೆ ಇದ್ದಿದ್ರೆ ಪಕ್ಕದ ದೇಶದೋರು ಎಂದೋ ಬಂದು ನಮ್ಮ ತಲೆ ಮೇಲೆ ಕೂತಿರ್ತಿದ್ರು. ಆ ಬಾಂಬ್ ಇರೋದ್ರಿಂದ್ಲೇ ನಾವು ನಿದ್ದೆ ಮಾಡ್ತಿರೋದು’ ಅನ್ನುತ್ತಾನೆ. ‘ಇದೆ ಅಂತ ನಿನಗ್ಯಾರೋ ಹೇಳಿದ್ದು?’ ಅಂದೆ. ‘ಎಲ್ರಿಗೂ ಗೊತ್ತು ಬಿಡಕ್ಕ’ ಅಂದ. ನೋಡಿ, ತರಕಾರಿ ಹಾಕುವವನಿಗೆ ಗೊತ್ತು. ಆಕಾಶದಿಂದ ನಮ್ಮ ಬೀದಿಯ ನಾಯಿಯನ್ನೂ ನೋಡಬಲ್ಲ ನಿಮ್ಮ ಶತ್ರುವಿಗೆ ಖಂಡಿತ ಗೊತ್ತು. ಹೆದರಿಸಲೆಂದೇ ಇಟ್ಟ ವಸ್ತು ಇದೆಯೆಂದು ತಿಳಿಯದಿದ್ದರೆ ಅವನು ಹೆದರುವುದಾದರೂ ಹೇಗೆ? ಹಾಗಾದರೆ ಈ ಗುಟ್ಟು ಯಾರಿಂದ? ಶಟರ್ ಎಳೆದುಕೊಂಡು ಕೂತ ನಮ್ಮಿಂದ ಮಾತ್ರ. ಆ ವಸ್ತು ಸಿಡಿದರೆ ಊರು ಉಳಿಯುವುದಿಲ್ಲ, ಸಿಡಿಯದಿದ್ದರೆ ಶಾಂತಿ ಎಂದು ನಿಮ್ಮ ಲೆಕ್ಕ. ಸಿಡಿಯದೆಯೂ ಅದು ಒಬ್ಬರನ್ನು ಮುಗಿಸಿದೆ. ಅದನ್ನು ಶಾಂತಿಯ ಯಾವ ಕಡೆಗೆ ಬರೆಯುತ್ತೀರಿ?

ಬೇರೆ ದೇಶಗಳ ಹತ್ತಿರವೂ ಬಾಂಬಿದೆ, ಅಲ್ಲಿನ ದರ್ಜಿಗಳಿಗೆ ಹೀಗೆ ಪತ್ರ ಬರೆಯುವ ಸ್ವಾತಂತ್ರ್ಯವೂ ಇಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಅವರ ಬೇಲಿ ನಮ್ಮ ಊರಿನಲ್ಲಿದ್ದಿದ್ದರೆ ಅವರಿಗೂ ಬರೆಯುತ್ತಿದ್ದೆ, ಅದರ ಫಲ ಏನಾಗುತ್ತಿತ್ತೋ ನೋಡುತ್ತಿದ್ದೆ. ನಿಮಗೆ ಬರೆಯುತ್ತಿರುವುದು ನ್ಯಾಯ ಎಂಬ ಪದವನ್ನು ಎಲ್ಲರಿಗಿಂತ ಹೆಚ್ಚಾಗಿ ಬಳಸುವವರು ನೀವೆಂಬ ಕಾರಣಕ್ಕೆ.

ನನ್ನ ಸ್ಥಿತಿಯನ್ನೂ ತಿಳಿಸಿಬಿಡುತ್ತೇನೆ. ನಮ್ಮ ಬೀದಿಯ ಅರ್ಧ ಜನರ ಅನ್ನ ನಿಮ್ಮ ನೆಲೆಯಿಂದ. ನಾನು ಕೋರ್ಟು ಹತ್ತಿದ ಮೇಲೆ ಅವರು ಮಾತು ಕಡಿಮೆ ಮಾಡಿದರು. ದ್ವೇಷವಲ್ಲ, ಏನು ಮಾತಾಡಬೇಕೋ ತಿಳಿಯದ ಸಂಕಟ. ಬೇಕರಿಯ ಅಜ್ಜಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ, ತಮ್ಮ ಶಟರ್ರೇ ನಮ್ಮ ಮನೆಯವರನ್ನು ಕೊಂದಿತು ಎಂಬಂತೆ. ‘ಅಜ್ಜಿ, ನಿಮ್ದೇನೂ ತಪ್ಪಿಲ್ಲ’ ಎಂದು ಹೇಳಲು ಹೋದೆ. ಅವರು ತಟ್ಟೆಗಳನ್ನು ಒರೆಸುತ್ತಲೇ ಇದ್ದರು. ಈಗ ಸೀಟಿ ಬಿದ್ದಾಗ ಅವರ ಶಟರ್ ಎಳೆಯುವವರಿಲ್ಲ, ಅದು ಮೇಲೇ ಇರುತ್ತದೆ, ಅಜ್ಜಿ ಒಳಗೆ ಗೋಡೆ ಕಡೆ ತಿರುಗಿ ಕೂರುತ್ತಾರೆ. ನಾನೂ ಎಳೆಯುವುದಿಲ್ಲ. ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಲಾರಿಗಳನ್ನು ನೋಡುತ್ತೇನೆ. ಪೊಲೀಸರು ಮೊದಮೊದಲು ಗದರಿದರು, ಈಗ ನಾನಿಲ್ಲವೆಂಬಂತೆ ದಾಟಿಹೋಗುತ್ತಾರೆ. ಮನೆಯಲ್ಲಿ ಅವರು ಕತ್ತರಿಸಿಟ್ಟ ಬಟ್ಟೆಯ ತುಂಡುಗಳಿವೆ. ಹೊಲಿದುಬಿಟ್ಟರೆ ಅವರ ಕೆಲಸ ಮುಗಿದುಹೋಗುತ್ತದೆ ಎಂದು ಹೊಲಿದಿಲ್ಲ. ಬಹಳ ಒಂಟಿಯಾಗಿದ್ದೇನೆ, ಮಾನ್ಯರೇ. ಇದನ್ನು ಅಧಿಕಾರಿಯೊಬ್ಬರಿಗೆ ಬರೆಯಬಾರದೇನೋ. ಬೇರೆ ಯಾರಿಗೆ ಬರೆಯಲಿ?

ಈಗ ಮುಖ್ಯ ಮಾತು. ನಮ್ಮ ಮನೆಯವರು ಹೋದ ಕೆಲವು ದಿನಗಳಿಗೆ ನಿಮ್ಮವರೊಬ್ಬರು ಅಂಗಡಿಗೆ ಬಂದು ಹೊಸ ಜಾಕೆಟ್ ಬೇಕೆಂದರು. ದಪ್ಪವೋ ತೆಳುವೋ, ಹಿರಿಯರೋ ಕಿರಿಯರೋ ನಾನು ಹೇಳುವುದಿಲ್ಲ. ನಿಮ್ಮಿಂದಲೇ ಕಲಿತ ವಿದ್ಯೆ. ‘ಹಳೇದೇನಾಯ್ತು?’ ಎಂದು ಕೇಳಿದೆ. ನಮ್ಮ ಭಾಷೆಯನ್ನು ತಡವರಿಸುತ್ತಾ ‘ಕಳೆದೋಯ್ತು’ ಅಂದರು. ‘ಎಲ್ಲಿ?’ ಅಂದೆ. ಅಳತೆಗೆ ತೋಳು ಎತ್ತಿ ನಿಂತರು. ನಾನು ಎದೆಗೆ ಟೇಪು ಸುತ್ತಿದೆ. ಎದೆ ಒಂದೇ ಸಮ ಏರಿಳಿಯುತ್ತಿತ್ತು, ಅಳತೆ ಸಿಗಲು ಬಹಳ ಹೊತ್ತಾಯಿತು. ಸಿಕ್ಕಿದ ಕೂಡಲೇ ಹಳೆಯ ಅಭ್ಯಾಸದಂತೆ ಕತ್ತರಿಸುವ ಮೇಜಿನ ಕಡೆ ತಿರುಗಿ ಗಟ್ಟಿಯಾಗಿ ಕೂಗಿಬಿಟ್ಟೆ. ಬರೆದುಕೊಳ್ಳುವವರು ಅಲ್ಲಿರಲಿಲ್ಲ. ಕೂಗಿದ್ದು ನನಗೇ ವಾಪಸು ಕೇಳಿಸಿತು.

ಆಗ ನಿಮ್ಮವರು ಮೆಲ್ಲಗೆ ಮುಂದೆ ಹೋಗಿ, ಪೆನ್ಸಿಲ್ ತೆಗೆದುಕೊಂಡು, ನಾನು ಹೇಳಿದ ಅಳತೆಯನ್ನು ಬರೆದರು. ನಾನು ತೋಳು ಅಳೆದು ಕೂಗಿದೆ, ಅದನ್ನೂ ಬರೆದರು. ಭುಜ, ಬೆನ್ನು, ಕೊರಳು. ಒಂದೂ ಬಿಡಲಿಲ್ಲ. ಮುಗಿದ ಮೇಲೆ ‘ಅವ್ರು ಏನೋ ಹೇಳಿದ್ರಲ್ಲ?’ ಎಂದು ಕೇಳಿದೆ. ಅವರ ಮುಖ ನೋಡಬೇಕಿತ್ತು ನೀವು. ‘ಅಮ್ಮ, ನನಗೆ ಹೇಳೋ ಅನುಮತಿ ಇಲ್ಲ’ ಅಂದರು. ‘ಅವರು ಏನೂ ಹೇಳಲಿಲ್ಲ’ ಎನ್ನಲಿಲ್ಲ. ‘ಅವರು ಅಂದರೆ ಯಾರು?’ ಎಂದೂ ಕೇಳಲಿಲ್ಲ. ಜಾಕೆಟ್ ಹೊಲಿದು ತೂಗುಹಾಕಿದ್ದೇನೆ, ತೆಗೆದುಕೊಳ್ಳಲು ಇನ್ನೂ ಬಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಬೇಲಿಯೊಳಗೆ ಏನಿದೆಯೆಂದು ನನಗೆ ಹೇಳಬೇಡಿ. ಲಾರಿಯಲ್ಲಿ ಏನಿತ್ತೆಂದು ಹೇಳಬೇಡಿ. ಪರಿಹಾರ ಬೇಡ, ಹೂಗುಚ್ಛ ಖಂಡಿತ ಬೇಡ. ಯಾರನ್ನೂ ಕಟಕಟೆಗೆ ತರಲು ನಿಮ್ಮಿಂದಾಗದು ಎಂದು ನನಗೆ ಮನವರಿಕೆಯಾಗಿದೆ. ನಮ್ಮ ಮನೆಯವರು ಕೊನೆಯದಾಗಿ ಆಡಿದ ಮಾತನ್ನು ನಿಮ್ಮ ಸಿಬ್ಬಂದಿಯೊಬ್ಬರು ಕೇಳಿಸಿಕೊಂಡಿದ್ದಾರೆ. ಅದು ನಿಮ್ಮ ದೇಶದ ಗುಟ್ಟಲ್ಲ, ನನ್ನ ಮನೆಯ ಮಾತು. ಅದನ್ನು ನನಗೆ ತಲುಪಿಸಲು ಅವರಿಗೆ ಅನುಮತಿ ಕೊಡಿ. ನೀರು ಕೇಳಿದ್ದರೂ ಸರಿ, ಬೈದಿದ್ದರೂ ಸರಿ, ಅಜ್ಜಿಯ ಶಟರ್ ಪೂರ್ತಿ ಎಳೆಯಿರಿ ಎಂದಿದ್ದರೂ ಸರಿ. ಬಂದ ಮೇಲೆ ಕೇಳೋಣ ಅಂದುಕೊಂಡಿದ್ದೆ, ಇನ್ನೂ ಕೇಳುತ್ತಿದ್ದೇನೆ.

ಅವರು ಜಾಕೆಟ್ ತೆಗೆದುಕೊಳ್ಳುವ ನೆಪದಲ್ಲೇ ಬರಲಿ. ಯಾರೂ ನೋಡಬಾರದೆಂಬುದು ನಿಮ್ಮ ನಿಯಮವಾದರೆ ಅದಕ್ಕೂ ತಯಾರಿದ್ದೇನೆ. ಅವರು ಒಳಗೆ ಬಂದ ಮೇಲೆ, ಆ ಒಂದು ಸಲ, ನಾನೇ ಎದ್ದು ಶಟರ್ ಎಳೆಯುತ್ತೇನೆ.

ಇಂತಿ,
ನಿಮ್ಮ ಗುಂಡಿಗಳು ಬಿದ್ದುಹೋಗದಂತೆ ನೋಡಿಕೊಳ್ಳುವ,
ತಾನು ಇರುವುದು ಹೌದೆಂದು ತಾನೇ ದೃಢೀಕರಿಸುವ,
ಬೇಕರಿ ಪಕ್ಕದ ದರ್ಜಿ