ಜಿಗಿತದ ಮಾರನೆಯ ದಿನ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಜೂನ್ ೧೭, ಬುಧವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಟಕಟ ಎನ್ನುತ್ತದೆ ಎಂದಿದ್ದೆಯಲ್ಲ, ಎಣ್ಣೆ ತಿಕ್ಕುತ್ತಿದ್ದೀಯಾ ಅಥವಾ ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀಯಾ? ಭಾವನವರ ಕೆಮ್ಮು ಇಳಿಯಿತೇ? ಬಂದರಿನ ಆಫೀಸಿನಿಂದ ನಿವೃತ್ತಿಯಾದ ಮೇಲೂ ನೀನು ಬೆಳಿಗ್ಗೆ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಾಗಿಲವರೆಗೆ ಹೋಗಿ ವಾಪಸು ಬರುತ್ತೀಯ ಎಂದು ಭಾವ ಫೋನಿನಲ್ಲಿ ಹೇಳಿ ನಕ್ಕರು. ನಗಲಿ ಬಿಡು, ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ಪಕ್ಕದ ಮನೆಯ ಜಗಳ ಗೋಡೆ ದಾಟಿ ಕೇಳಿಸುತ್ತದೆ, ಮಾತ್ರೆ ತಗೋ ಎಂದರೆ ಕೇಳಿಸುವುದಿಲ್ಲ. ನನ್ನ ಮೊಮ್ಮಗಳು ಹಲ್ಲು ಬಿದ್ದ ಬಾಯಲ್ಲಿ ಇಡೀ ಬೀದಿಗೆ ಬುದ್ಧಿ ಹೇಳುತ್ತ ಓಡಾಡುತ್ತಿದ್ದಾಳೆ. ಅಮ್ಮನ ಮರಿಮಗಳಲ್ಲವೇ.

ಈಗ ಬರೆಯುವುದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಜಿಗಿತದ ದಿನದ ಮಾತು ಬಂದ ಕೂಡಲೇ ನೀನು ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟುಬಿಡುತ್ತೀಯ. ಇಷ್ಟು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಎಷ್ಟು ಹಾಲು ಉಕ್ಕಿರಬೇಕು! ಕಾಗದವಾದರೆ ಪಕ್ಕಕ್ಕಿಟ್ಟರೂ ಮತ್ತೆ ತೆಗೆದು ಓದುತ್ತೀಯ, ಅಷ್ಟು ನಿನ್ನನ್ನು ಬಲ್ಲೆ. ಅದಕ್ಕೇ ಬರೆಯುತ್ತಿದ್ದೇನೆ.

ಬೀದಿಯವರು ವರ್ಷ ವರ್ಷ ಆಚರಿಸುವ ಜಿಗಿತದ ದಿನವನ್ನು ಹೋದ ವರ್ಷವೇ ನಿಲ್ಲಿಸಿಬಿಡೋಣ ಎಂಬ ಮಾತು ಬಂದಿತ್ತು. ಭಾಷಣ ಮಾಡುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಮಕ್ಕಳು ಐಸ್‌ಕ್ಯಾಂಡಿಗೆ ಬರುತ್ತಿದ್ದರು, ತಿಂದು ಕೈ ಒರೆಸಿಕೊಂಡು ಹೋಗುತ್ತಿದ್ದರು. ನಾವು ಮೈಕಿನಲ್ಲಿ ಹೇಳುವ ಕಥೆಯೂ ಪ್ರತಿ ವರ್ಷ ಅದೇ. ರೈಲು ಹಳಿಯ ಈ ಮಗ್ಗುಲಲ್ಲಿ ಹುಟ್ಟಿದ ನಾವು ಊರಿನವರ ಬಾಯಲ್ಲಿ ಹಳಿಯಾಚೆಯವರು. ಪಾರ್ಕಿನ ಈಜುಕೊಳದ ಬಾಗಿಲಲ್ಲಿ ‘ಹಳಿಯಾಚೆಯವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು. ಅದರ ಸುತ್ತಲ ಬೇಲಿಗಿಡ ಕತ್ತರಿಸುವ ಮಾಲಿ ನಮ್ಮ ಅಪ್ಪ, ಆದರೆ ಅಪ್ಪನ ಮಕ್ಕಳು ಒಳಗೆ ಕಾಲಿಡುವಂತಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಹದಿಮೂರು ವರ್ಷದ ಹುಡುಗಿಯೊಬ್ಬಳು ಕಾವಲುಗಾರನ ಕಂಕುಳಡಿ ನುಸುಳಿ, ಉಟ್ಟ ಬಟ್ಟೆಯಲ್ಲೇ ನೀರಿಗೆ ಜಿಗಿದಳು. ಅವಳ ಹಿಂದೆ ಬೀದಿಯ ಮಕ್ಕಳೆಲ್ಲ ಜಿಗಿದರು. ತಾಯಿ ಓಡಿ ಬಂದು ಒದ್ದೆ ಮಗಳನ್ನು ಅಪ್ಪಿಕೊಂಡು ‘ನನ್ನ ಸಿಂಹದ ಮರಿ’ ಎಂದಳು. ಕೊನೆಗೆ ಬೋರ್ಡು ಇಳಿಯಿತು, ಬಾಗಿಲು ತೆರೆಯಿತು. ಚಪ್ಪಾಳೆ. ಆ ಹುಡುಗಿ ನೀನೇ ಎಂದು ಫೋಟೋ ತೋರಿಸಿದರೆ ಈಗಿನ ಮಕ್ಕಳು, ಈ ಕನ್ನಡಕದಜ್ಜಿಯಾ ಎಂದು ಕಿಸಕ್ಕನೆ ನಗುತ್ತಾರೆ. ಅಂದು ನಿನ್ನ ಚಪ್ಪಲಿ ಹಿಡಿದುಕೊಂಡು ಬೇಲಿಯ ಹೊರಗೆ ನಿಂತವಳು ನಾನು. ಆರು ವರ್ಷ ನನಗೆ. ಅಮ್ಮ ನಿನ್ನನ್ನು ಅಪ್ಪಿಕೊಂಡದ್ದನ್ನು ಕಣ್ಣಾರೆ ಕಂಡ ನೆನಪಿಲ್ಲ, ಆದರೆ ಕೇಳಿ ಕೇಳಿ ಕಂಡಂತೆಯೇ ಆಗಿಹೋಗಿತ್ತು. ಅಮ್ಮನೂ ಮುಂದಿನ ಸಾಲಿನಲ್ಲಿ ಕೂತು ಪ್ರತಿ ವರ್ಷ ತಲೆಯಾಡಿಸುತ್ತಿದ್ದಳು.

ಈ ವರ್ಷ ನಮ್ಮ ಶಾಲೆಗೆ ಚರಿತ್ರೆ ಕಲಿಸಲು ಹೊಸ ಟೀಚರ್ ಬಂದಿದ್ದಾಳೆ. ಮೇಣದಬತ್ತಿಯಷ್ಟು ತೆಳ್ಳಗೆ, ಹಟ ಮಾತ್ರ ಬಂಡೆಯಂಥದು. ಶನಿವಾರ ಶನಿವಾರ ಬೀದಿಯ ಸಭಾಂಗಣದಲ್ಲಿ ಹಳಿಯ ಎರಡೂ ಕಡೆಯ ಮಕ್ಕಳನ್ನು ಕೂಡಿಸಿ ಪಾಠ ಶುರುಮಾಡಿದಳು. ಭಾಷಣ ಬೇಡ, ಮಕ್ಕಳೇ ನಾಟಕ ಮಾಡಲಿ, ಕೊಳದ ದಂಡೆಯ ಮೇಲೇ ಮಾಡಲಿ ಎಂದಳು. ಜಿಗಿತದ ದಿನದ ಕಮಿಟಿಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಕ್ಕಳದ್ದು ಇನ್ನೊಂದು ತಕರಾರು, ಎಲ್ಲರಿಗೂ ಜಿಗಿಯುವ ಪಾತ್ರವೇ ಬೇಕು, ಕಾವಲುಗಾರನಾಗಲು ಒಬ್ಬರೂ ತಯಾರಿಲ್ಲ. ಕೊನೆಗೆ ನನ್ನ ಮೊಮ್ಮಗಳು ಎದ್ದು ನಿಂತು, “ಕಾವಲುಗಾರ ಇಲ್ದೆ ಬಾಗಿಲು ಮುಚ್ಚೋದು ಯಾರು? ಕೊಡಿ ಟೋಪಿ” ಎಂದಳಂತೆ. ನಿನ್ನ ಪಾತ್ರ ಹಳಿಯ ಆ ಕಡೆಯ ಔಷಧಿ ಅಂಗಡಿಯವರ ಮಗಳಿಗೆ ಹೋಯಿತು. ಕ್ಷೌರದಂಗಡಿ ಮಾವನಿಗೆ ಸಿಟ್ಟು ನೆತ್ತಿಗೇರಿತು. ನಮ್ಮ ಹುಡುಗಿಯ ಪಾತ್ರ ಅವರ ಮನೆ ಮಗುವಿಗೆ ಯಾಕೆ ಎಂದು ಮೇಜು ಗುದ್ದಿದರು. ಟೀಚರ್ ಸಮಾಧಾನವಾಗಿಯೇ ಹೇಳಿದಳು. “ಆ ಮಗು ಯಾವತ್ತೂ ಬೇಲಿ ಒಳಗೇ ಇತ್ತು ಮಾವ. ಹೊರಗೆ ನಿಂತ್ರೆ ಹೇಗಿರತ್ತೆ ಅಂತ ಒಂದ್ಸಲ ನಿಂತು ನೋಡ್ಲಿ.” ಮಾವ ಮೀಸೆ ಎಳೆದುಕೊಂಡು ಕೂತರು. ಮಾರನೆಯ ವಾರ ಅವರೇ ಹೋಗಿ ಆ ಮಗುವಿನ ತಲೆಗೂದಲನ್ನು ನಿನ್ನ ಆಗಿನ ಕೂದಲಿನ ಹಾಗೆ ಕಿವಿಯವರೆಗೆ ಕತ್ತರಿಸಿ ಬಂದರು.

ತಾಲೀಮು ನಡೆಯುತ್ತಿದ್ದಾಗ ಒಂದು ಸಂಜೆ ನಾನು ಮಕ್ಕಳ ನಾಟಕದ ಬಟ್ಟೆಗೆ ಅಳತೆ ತೆಗೆಯಲು ಹೋಗಿದ್ದೆ. ಮೊಮ್ಮಗಳು ಟೋಪಿಯನ್ನು ಹಿಂದಕ್ಕೆ ಸರಿಸಿ, “ಅಜ್ಜಿ, ಜಿಗಿದ್ರು ಸರಿ. ಮಾರನೇ ದಿನ ಏನಾಯ್ತು?” ಎಂದಳು. ಬಾಗಿಲು ತೆರೆಯಿತು ಎಂದೆ. “ಮಾರನೇ ದಿನಾನೇ?” ಅಳತೆ ಟೇಪು ಸುತ್ತಿಟ್ಟೆ. ಇಷ್ಟು ವರ್ಷ ಮೈಕು ಹಿಡಿದವರಲ್ಲಿ ಯಾರೂ ಮಾರನೆಯ ದಿನವನ್ನು ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಕೂತು ಹೇಳಿದೆ. ಮಾರನೆಯ ದಿನ ಕೊಳದ ನೀರನ್ನೆಲ್ಲ ಚರಂಡಿಗೆ ಬಿಟ್ಟು, ನೆಲ ತಿಕ್ಕಿ ತೊಳೆದು ಬೀಗ ಹಾಕಿದರು. ನಾವು ಮುಟ್ಟಿದ ನೀರಿನಲ್ಲಿ ಈಜುವುದಕ್ಕಿಂತ ಯಾರೂ ಈಜದಿದ್ದರೂ ಸರಿ ಎಂದು ಮೂರು ಬೇಸಿಗೆ ಅದನ್ನು ಖಾಲಿ ಇಟ್ಟರು. ಬೀದಿಯವರು ದಿನವೂ ಸರದಿಯ ಮೇಲೆ ಹೋಗಿ ಬಾಗಿಲಲ್ಲಿ ನಿಂತರು, ನ್ಯಾಯಾಲಯಕ್ಕೆ ಅಲೆದರು. ಅಪ್ಪನನ್ನು ಅದೇ ವಾರ ಕೆಲಸದಿಂದ ತೆಗೆದರು. ಆಮೇಲೆ ಅಪ್ಪ ಮರದ ಡಿಪೋದಲ್ಲಿ ದಿಮ್ಮಿ ಹೊತ್ತದ್ದು, ಸಂಜೆ ಅಂಗೈಯ ಸಿಬಿರುಗಳನ್ನು ಸೂಜಿಯಿಂದ ತೆಗೆಯುವಾಗ ನೀನು ಮಾತಿಲ್ಲದೆ ದೀಪ ಹಿಡಿದು ನಿಲ್ಲುತ್ತಿದ್ದುದು, ಎಲ್ಲ ಹೇಳಿದೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತಿರ ಬಂದು ನೆಲದ ಮೇಲೆ ಕೂತಿದ್ದರು. ಐಸ್‌ಕ್ಯಾಂಡಿಯಿಲ್ಲದೆ ಅವರು ಅಷ್ಟು ಹೊತ್ತು ಕೂತದ್ದನ್ನು ನಾನು ಅಂದೇ ನೋಡಿದ್ದು. ನಾಟಕಕ್ಕೆ ಮಾರನೆಯ ದಿನವೂ ಸೇರಿತು.

ಭಾನುವಾರ ಜಿಗಿತದ ದಿನ. ದಂಡೆಯ ಉದ್ದಕ್ಕೂ ಜನವೋ ಜನ, ಆ ಕಡೆಯವರೂ ಕುರ್ಚಿ ಹೊತ್ತುಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಅಮ್ಮ, ಬೆನ್ನಿಗೆ ದಿಂಬು. ಔಷಧಿ ಅಂಗಡಿಯವರ ಮಗಳು ಬೇಲಿಯ ಹೊರಗೆ ನಿಂತು ನೀರನ್ನು ನೋಡಿದ ರೀತಿ ಕಂಡು ಕ್ಷೌರದಂಗಡಿ ಮಾವನೇ ಮೂಗು ಒರೆಸಿಕೊಂಡರು. ಹುಡುಗಿ ನುಸುಳಿದಳು, ಜಿಗಿದಳು, ನೀರು ಮುಂದಿನ ಸಾಲಿನವರ ಮೈಗೆಲ್ಲ ಹಾರಿತು. ತಾಯಿಯ ಪಾತ್ರದ ಮಗು ಓಡಿ ಬಂದು ಅವಳನ್ನು ಅಪ್ಪಿಕೊಂಡು, ‘ನನ್ನ ಸಿಂಹದ ಮರಿ’ ಎಂದಿತು. ಆಗ ಅಮ್ಮ ಕೋಲು ಊರಿ ಎದ್ದು ನಿಂತಳು.

“ಅದು ಸುಳ್ಳು” ಎಂದಳು. ಕಿವಿ ಮಂದವಾದವರ ದನಿ ನಿನಗೆ ಗೊತ್ತಲ್ಲ, ಕೊಳದ ಆ ತುದಿಗೂ ಕೇಳಿಸಿತು. “ನಾನು ಅಪ್ಪಿಕೊಳ್ಳಲಿಲ್ಲ. ಮನೆಗೆ ಎಳ್ಕೊಂಡು ಹೋಗಿ ಬಾಗಿಲು ಹಾಕಿ ಹೊಡೆದೆ.” ನಾನು ಕೈ ಹಿಡಿದು ಕೂಡಿಸಲು ಹೋದೆ, ಕೊಡವಿಬಿಟ್ಟಳು. ನನ್ನ ಮೊಮ್ಮಗಳು ಕಾವಲುಗಾರನ ಟೋಪಿಯಲ್ಲೇ ಮುಂದೆ ಬಂದು, “ಯಾಕೆ ಹೊಡೆದೆ ಮುತ್ತಜ್ಜಿ?” ಎಂದು ಕೇಳಿದಳು. ದೊಡ್ಡವರು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಅವಳಿಗೊಬ್ಬಳಿಗೇ ಎನ್ನುವಂತೆ ಹೇಳಿದಳು. “ಹೆದರಿಕೆಗೆ ಮಗಾ. ಇವರಪ್ಪನ್ನ ಕೆಲಸದಿಂದ ತೆಗೀತಾರೆ ಅಂತ ಗೊತ್ತಿತ್ತು. ತೆಗೆದ್ರು. ತೆಗೆದ ದಿನ ಇನ್ನೊಂದ್ಸಲ ಹೊಡೆದೆ, ನಿನ್ನಿಂದ್ಲೇ ಅಂದೆ. ಅವಳು ಮಾಡಿದ್ದು ಸರಿ ಅಂತ ಅವತ್ತೂ ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆದೆ. ಇವರಪ್ಪ ಒಂದಿನಾನೂ ಅವಳನ್ನ ಬೈಲಿಲ್ಲ. ನಾನು ಬೈದೆ.”

ಅಕ್ಕಾ, ಆ ಎರಡು ದಿನವೂ ನನ್ನನ್ನು ಪಕ್ಕದ ಮನೆಗೆ ಕಳಿಸಿದ್ದರು. ನನಗೆ ಗೊತ್ತಿರಲಿಲ್ಲ. ನೀನೂ ಹೇಳಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀನು ಅಲ್ಲಿ, ಅವಳು ಇಲ್ಲಿ.

ಮೈಯಿಂದ ನೀರು ತೊಟ್ಟಿಕ್ಕುತ್ತ ನಿಂತಿದ್ದ ಔಷಧಿ ಅಂಗಡಿಯವರ ಮಗಳು ಮೆಲ್ಲಗೆ, “ಅಜ್ಜಿ, ಹಾಗಾದ್ರೆ ಇದನ್ನ ಮತ್ತೆ ಮಾಡ್ಬೇಕಾ?” ಎಂದಳು. ಟೀಚರ್ ಅಮ್ಮನ ಮುಖ ನೋಡಿದಳು. ಅಮ್ಮ ಯೋಚಿಸಿ, “ಮಾಡಿ. ಆದ್ರೆ ಮೆಲ್ಲಗೆ ಹೊಡೀರಿ, ಮಗು ಒದ್ದೆಯಾಗಿದೆ” ಎಂದಳು. ಜನ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಮಕ್ಕಳು ಮತ್ತೆ ಮಾಡಿದರು. ತಾಯಿಯ ಪಾತ್ರದ ಮಗು ಕೈ ಎತ್ತಿತು, ಎತ್ತಿದ ಕೈಯನ್ನು ಇಳಿಸಲಾಗದೆ ಹಾಗೇ ಗಾಳಿಯಲ್ಲಿ ಹಿಡಿದು ಅಳತೊಡಗಿತು. ಅಮ್ಮ ಅದನ್ನು ಕೊನೆಯವರೆಗೂ ಕಣ್ಣು ಕೀಳದೆ ನೋಡಿದಳು. ಆಮೇಲೆ ಖಾಲಿ ಕೊಳದ ಕಥೆ ಬಂತು, ಬಾಗಿಲಲ್ಲಿ ನಿಂತ ಸರದಿ ಬಂತು, ಬೋರ್ಡು ಇಳಿಯಿತು. ನಾಟಕ ಮುಗಿದ ಮೇಲೆ ಮನೆಗೆ ಹೋಗುವ ಬದಲು ಹಿರಿಯರೆಲ್ಲ ಮಕ್ಕಳನ್ನು ಹಿಡಿದು ಕೂರಿಸಿಕೊಂಡು ತಮ್ಮ ತಮ್ಮ ಮಾರನೆಯ ದಿನಗಳನ್ನು ಹೇಳತೊಡಗಿದರು. ಕ್ಷೌರದಂಗಡಿ ಮಾವನ ತಂದೆಯ ಅಂಗಡಿಗೆ ಮಳೆಗಾಲ ಮುಗಿಯುವವರೆಗೂ ಆ ಕಡೆಯ ಒಂದು ತಲೆಯೂ ಬರಲಿಲ್ಲವಂತೆ. ಆ ಕಡೆಯ ಮುದುಕರೊಬ್ಬರು, ನಾನು ಅಂದು ನೀರಿನಲ್ಲಿದ್ದ ಹುಡುಗ, ನೀವು ಜಿಗಿದ ಕೂಡಲೇ ನಮ್ಮವರೆಲ್ಲ ಎದ್ದು ಹೋದಾಗ ನಾನೂ ಎದ್ದು ಹೋದೆ, ಮೇಲೆ ಬಂದು ತಿರುಗಿ ನೋಡಿದಾಗ ನೀವೆಲ್ಲ ನಗುತ್ತಿದ್ದಿರಿ, ಹೊಟ್ಟೆಕಿಚ್ಚಾಯಿತು ಎಂದರು. ಟೀಚರ್ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಬರುವ ಶನಿವಾರದ ಪಾಠಕ್ಕೆ ಈಗಲೇ ಜಾಗ ಸಾಲದಷ್ಟು ಮಕ್ಕಳು ಹೆಸರು ಕೊಟ್ಟಿದ್ದಾರೆ. ನಿಲ್ಲಿಸುವ ಮಾತನ್ನು ಕಮಿಟಿಯಲ್ಲಿ ಯಾರೂ ಎತ್ತುತ್ತಿಲ್ಲ.

ಭಾವನವರಿಗೆ ನನ್ನ ನಮಸ್ಕಾರ, ಔಷಧಿ ಚೆಲ್ಲಬಾರದೆಂದು ಹೇಳು. ಮಕ್ಕಳೆಲ್ಲ ಕನ್ನಡಕದಜ್ಜಿಗೆ ಮುತ್ತು ಕಳಿಸಿದ್ದಾರೆ. ಅಮ್ಮನ ಕೈ ನಿನ್ನ ತಲೆಯ ಮೇಲೆ ಸದಾ ಇರಲಿ.

ಇಂತು ನಿನ್ನ ಬಾಲಂಗೋಚಿ,
ತಂಗಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅಮ್ಮ ಬಂದು ಕೂತಿದ್ದಾಳೆ, ಅದಕ್ಕೇ ಈ ಗೀಚು. ನಮ್ಮ ಬೀದಿಗೆ ಬಾಗಿಲು ತೆರೆದಾಗಿನಿಂದ ಅಮ್ಮ ಒಂದು ಸಲವೂ ಆ ಕೊಳಕ್ಕೆ ಇಳಿದಿಲ್ಲ, ದಂಡೆಯಲ್ಲೇ ಕೂತು ಬರುತ್ತಾಳೆ. ನೀರಿಗೆ ಭಯ ಎಂದುಕೊಂಡಿದ್ದೆವು. ಈಗ ಕೇಳಿದರೆ, “ಅವಳಿಗೆ ಹೊಡೆದ ಕೈ ಇಟ್ಕೊಂಡು ಆ ನೀರಿಗೆ ಹೇಗೆ ಇಳೀಲಿ? ಅವಳು ಬಂದು ಕೈ ಹಿಡಿದ್ರೆ ಇಳೀತೀನಿ. ನಾನು ಹೇಳ್ದೆ ಅಂತ ಬರೀಬೇಡ” ಎನ್ನುತ್ತಿದ್ದಾಳೆ. ಬರೆದಿದ್ದೇನೆ. ಮಳೆ ಹಿಡಿದರೆ ಕೊಳ ಮುಚ್ಚುತ್ತಾರೆ, ಬೇಗ ಹೊರಡು. ಅಮ್ಮನ ಈಜುಡುಗೆಗೆ ಬಟ್ಟೆ ಕತ್ತರಿಸಿ ಆಯಿತು, ನಿನ್ನ ಅಳತೆ ಕಳಿಸು. ಮದುವೆ ಕಾಲದ್ದಲ್ಲ, ಈಗಿನದು.