ಮುಂದಿನ ಕೋಣೆಯ ಪರದೆ

ಸೀಬ್ರೆನ್,

ಸಂತೆಗೆ ಹೋಗಿ ಹನ್ನೊಂದಕ್ಕೆ ಬರುತ್ತೇನೆ. ಆಕ್ಸಿಜನ್ ಯಂತ್ರಕ್ಕೆ ನೀರು ತುಂಬಿಸಿದ್ದೇನೆ. ತುರಿಸುತ್ತದೆ ಎಂದು ಮೂಗಿನ ಕೊಳವೆ ಕಿತ್ತುಹಾಕಬೇಡ. ಕಾಫಿ ಫ್ಲಾಸ್ಕಿನಲ್ಲಿದೆ. ಮಂಚದಿಂದ ಎತ್ತುವ ಯಂತ್ರವನ್ನು ಒಬ್ಬನೇ ಮುಟ್ಟಬೇಡ, ಹತ್ತಕ್ಕೆ ನರ್ಸ್ ಬರುತ್ತಾಳೆ. ಮೊನ್ನೆಯ ಸಾಹಸ ಸಾಕು.

ನಿನ್ನೆ ಬಾಗಿಲು ಬಡಿದದ್ದು ಅಂಚೆಯವನಲ್ಲ. ನಿನಗೆ ಸುಳ್ಳು ಹೇಳಿದೆ. ಎದುರುಮನೆಯ ಹಿಲ್ಕೆ ಬಿಳಿ ಹೂ ಹಿಡಿದು ನಿಂತಿದ್ದಳು. "ಮೂರು ದಿನದಿಂದ ಪರದೆ ಮುಚ್ಚೇ ಇದ್ಯಲ್ಲಾ... ಸೀಬ್ರೆನ್ ಯಾವಾಗ ಹೋದ್ರು?" ಅಂದಳು. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಪರದೆ ಎಳೆಯುವುದು ಸಾವಾದ ಮನೆಯವರು ಮಾತ್ರ ಎನ್ನುವುದೇ ನನಗೆ ಮರೆತುಹೋಗಿತ್ತು.

"ಹೋಗಿಲ್ಲ ಕಣೇ, ಒಳಗೆ ಮಲಗಿ ಸೂಪಿಗೆ ಉಪ್ಪಿಲ್ಲ ಅಂತ ಬೈತಿದಾನೆ" ಅಂದೆ. ಅವಳು ಅತ್ತೇಬಿಟ್ಟಳು.

ನಿನ್ನ ಮಂಚ ಮಹಡಿಯಿಂದ ಬೀದಿಬದಿಯ ಈ ಮುಂದಿನ ಕೋಣೆಗೆ ಬಂದ ದಿನ, ದಾರಿಹೋಕರು ನೋಡಿದರೆ ನಿನಗೆ ಬೇಸರವಾಗುತ್ತದೆ ಎಂದು ಹೇಳಿ ಪರದೆ ಎಳೆದೆನಲ್ಲ, ಅದೂ ಸುಳ್ಳು. ನಾಚಿಕೆ ನನ್ನದು. ಆ ಕೊಳವೆ, ಆ ಯಂತ್ರ ಯಾರ ಕಣ್ಣಿಗೂ ಬೀಳಬಾರದು ಅನ್ನಿಸಿತ್ತು. ನಲವತ್ತು ವರ್ಷ ಅದೇ ಕಿಟಕಿಯಿಂದ ಇಡೀ ಬೀದಿಗೆ ಕೈ ಬೀಸಿದವನು ನೀನು. ಬದುಕಿರುವವನ ಮನೆಗೆ ನಾನೇ ಸೂತಕ ತಂದೆ. ತಪ್ಪಾಯಿತು.

ನೀನು ಏಳುವ ಮೊದಲೇ ಪರದೆ ಪೂರ್ತಿ ಸರಿಸಿದ್ದೇನೆ. ಹತ್ತೂವರೆಗೆ ಹಿಲ್ಕೆ ನಾಯಿ ಕರೆದುಕೊಂಡು ಹೋಗುತ್ತಾಳೆ, ಕೈ ಬೀಸು. ಬಿಳಿ ಹೂ ಕಿಟಕಿಯಲ್ಲಿದೆ. ಬಾಡುವವರೆಗೂ ಇರಲಿ.

ಬರುವಾಗ ನಾನು ಹಿಂಬಾಗಿಲಿಂದ ಬರುವುದಿಲ್ಲ, ಕಿಟಕಿಯ ಮುಂದಿನಿಂದಲೇ ಬರುತ್ತೇನೆ. ಮನಸ್ಸಾದರೆ ನನಗೂ ಒಮ್ಮೆ ಕೈ ಬೀಸು.

ನಿನ್ನ ಹೆಂಡತಿ,
ಬೌಕ್ಯೆ